ಸಭೆಯ ಕುರ್ಚಿಯಲ್ಲಿ ಕೂರುವವನಿಗೆ

ಹಾಲಿನ ಸಂಘದ ಅಧ್ಯಕ್ಷಗಿರಿ ನಿನ್ನ ಪಾಲಿಗೆ ಬಂದಿದೆಯಂತೆ, ಸಂತೋಷ ಕಣಪ್ಪ. ಸೆಪ್ಟೆಂಬರ್ ಬಂತೆಂದರೆ ಸಹಕಾರ ಸಂಘಗಳಲ್ಲಿ ಮಹಾಸಭೆಗಳ ಸುಗ್ಗಿ. ನಿನಗೂ ತಪ್ಪಿದ್ದಲ್ಲ. ಜಮಾ ಖರ್ಚು ಓದುತ್ತಿರುವಾಗಲೇ ಯಾರೋ ಎದ್ದು ನಿಲ್ಲುತ್ತಾರೆ; ಹಾಲು ಪರೀಕ್ಷಕರ ನೇಮಕದಿಂದ ಶುರುವಾದ ಮಾತು ಅವರ ಮನೆಯ ಬೇಲಿ ತಕರಾರಿನ ತನಕ ಹೋಗುತ್ತದೆ. ಅಂಥವರನ್ನು ಸುಮ್ಮನಿರಿಸುವುದು ಹೇಗೆ ಎಂದು ಕೇಳಿದ್ದೀಯ. ಅದಕ್ಕೂ ಮೊದಲು, ಯಾರನ್ನು ಸುಮ್ಮನಿರಿಸಬಾರದು ಅನ್ನುವುದು ನಿನಗೆ ಗೊತ್ತಿರಬೇಕು.

ನಮ್ಮ ಸಂವಿಧಾನ ಸಭೆಯನ್ನೇ ನೋಡು. ಕರಡಿಗೆ ಬಂದ ತಿದ್ದುಪಡಿಗಳು 7,635. ಸಭೆಯಲ್ಲಿ ಮಂಡನೆಯಾದವೇ 2,473. ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್, ಕೆ. ಟಿ. ಶಾ ಮುಂತಾದವರು ಹೆಜ್ಜೆಹೆಜ್ಜೆಗೂ ಆಕ್ಷೇಪ ಎತ್ತಿದವರು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಈ ಬಂಡಾಯಗಾರರ ಹೆಸರು ಹೇಳಿಯೇ ಕೃತಜ್ಞತೆ ಸಲ್ಲಿಸಿದರು. ಅವರ ಸಲಹೆಗಳನ್ನು ಒಪ್ಪಲು ತಾನು ಸಿದ್ಧನಿರಲಿಲ್ಲ, ಆದರೂ ಅವರಿಲ್ಲದಿದ್ದರೆ ಸಭೆ ಸಪ್ಪೆಯಾಗುತ್ತಿತ್ತು ಎಂದರು. ಅದೇ ಭಾಷಣದಲ್ಲಿ ಅಧ್ಯಕ್ಷ ರಾಜೇಂದ್ರ ಪ್ರಸಾದರಿಗೂ ಒಂದು ವಿಶೇಷ ವಂದನೆ ಇತ್ತು: ಬರೀ ತಾಂತ್ರಿಕ ನೆಪ ಮುಂದಿಟ್ಟು ಕೆಲಸಕ್ಕೆ ತಡೆಯೊಡ್ಡಲು ಕೆಲವರು ಹೊರಟಾಗ ಅದಕ್ಕೆ ಅವಕಾಶ ಕೊಡಲಿಲ್ಲವಲ್ಲ, ಅದಕ್ಕೆ. ವಿರೋಧಕ್ಕೆ ಜಾಗ ಕೊಡಬೇಕು, ಅಡ್ಡಗಾಲಿಗೆ ಕೊಡಬಾರದು. ಎರಡನ್ನೂ ಬೇರೆ ಮಾಡಿ ನೋಡಬೇಕಾದವನು ಕುರ್ಚಿಯಲ್ಲಿ ಕೂತವನು.

ನೋಡುವುದು ಹೇಗೆ? ಹೊಸ ಮಾತು ಬರುತ್ತಿದೆಯೇ ಎಂದು ಗಮನಿಸು. ಎರಡನೆಯ ಸಲವೂ ಅದೇ ಮಾತು, ಮೂರನೆಯ ಸಲವೂ ಅದೇ ಮಾತು ಬಂದರೆ ನಿಲ್ಲಿಸಲು ನಿನಗೆ ಹಕ್ಕಿದೆ. ಲೋಕಸಭೆಯ 356ನೇ ನಿಯಮ ಸ್ಪೀಕರಿಗೆ ಕೊಟ್ಟಿರುವುದೂ ಇದೇ ಅಧಿಕಾರ: ವಿಷಯ ಬಿಟ್ಟು ಮಾತಾಡುವವರನ್ನು, ಹೇಳಿದ್ದನ್ನೇ ಹೇಳುವವರನ್ನು ಕೂರಿಸಬಹುದು. ಆದರೆ ಕೂರಿಸುವ ಮೊದಲು ಅವರ ಆಕ್ಷೇಪವನ್ನು ಒಂದು ವಾಕ್ಯದಲ್ಲಿ ನೀನೇ ಹೇಳಿ, “ಇಷ್ಟು ತಾನೇ ನಿಮ್ಮ ಮಾತು?” ಎಂದು ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸು. ನಮ್ಮೂರ ಸಭೆಗಳ ಅರ್ಧ ಗದ್ದಲ ತನ್ನ ಮಾತು ದಾಖಲಾಗಲಿಲ್ಲ ಎಂಬ ಸಿಟ್ಟಿನದು.

ನಿಯಮ ಹೇಳುವ ಹೊತ್ತು ಮುಖ್ಯ. 1881ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಪಾರ್ನೆಲ್ ಮುಂದಾಳಾಗಿದ್ದ ಐರಿಷ್ ಸದಸ್ಯರು ತಮ್ಮ ನಾಡಿನ ಮೇಲೆ ಹೇರಲು ಹೊರಟಿದ್ದ ದಮನ ಕಾಯ್ದೆಯನ್ನು ತಡೆಯಲು ಸರದಿಯ ಮೇಲೆ ಮಾತಾಡುತ್ತಲೇ ಹೋದರು. ಒಂದೇ ಬೈಠಕ್ಕು 41 ಗಂಟೆ ನಡೆಯಿತು. ಕೊನೆಗೆ ಸ್ಪೀಕರ್ ಬ್ರ್ಯಾಂಡ್ ತಮ್ಮ ಸ್ವಂತ ಹೊಣೆಯಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಿದರು. ಚರ್ಚೆ ಮುಗಿಸುವ ನಿಯಮ ಆ ಸಭೆಗೆ ಬಂದದ್ದು ಅದರ ಮರುವರ್ಷ. ಐರಿಷರ ಸಂಕಟ ನಿಜವಾದದ್ದು ಅನ್ನುವುದೂ ನೆನಪಿರಲಿ. ಅಡ್ಡಿ ಮಾಡುವವರೆಲ್ಲ ಕೇಡಿಗರಲ್ಲ. ಬ್ರ್ಯಾಂಡರಿಗೆ ದಕ್ಕಿದ ಗೌರವ ನಿನಗೆ ದಕ್ಕುವುದಿಲ್ಲ, ಜಗಳದ ನಡುವೆ ನೀನು ನಿಯಮ ತೆಗೆದರೆ ಅದು ಪಕ್ಷಪಾತವಾಗಿಯೇ ಕಾಣುತ್ತದೆ. ಆದ್ದರಿಂದ ಸ್ವಾಗತ ಮುಗಿದ ಕೂಡಲೇ ಸಭೆಯ ಒಪ್ಪಿಗೆ ತೆಗೆದುಕೊ: ಒಂದು ವಿಷಯಕ್ಕೆ ಒಬ್ಬರಿಗೆ ಮೂರು ನಿಮಿಷ, ಎರಡು ಸಲ, ಎಲ್ಲರ ಮೊದಲ ಸರದಿ ಮುಗಿಯದೆ ಯಾರಿಗೂ ಎರಡನೆಯದಿಲ್ಲ, ಮಾತೆಲ್ಲ ಅಧ್ಯಕ್ಷರನ್ನು ಉದ್ದೇಶಿಸಿ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ರಾಬರ್ಟ್ 1876ರಲ್ಲಿ ಸಭಾ ನಿಯಮಗಳ ಕೈಪಿಡಿ ತಂದರು. ಆ ಪದ್ಧತಿಯಲ್ಲಿ ಹತ್ತು ನಿಮಿಷದಂತೆ ಎರಡು ಸರದಿ. ನಮ್ಮವರಿಗೆ ಹತ್ತು ನಿಮಿಷ ಕೊಟ್ಟರೆ ಸಂಜೆಯ ಹಾಲು ಕರೆಯುವ ಹೊತ್ತಾದರೂ ಸಭೆ ಏಳದು!

“ಕ್ರಿಯಾಲೋಪ” ಎಂದು ಯಾರಾದರೂ ಕೂಗಿದರೆ ಮಾತು ನಿಲ್ಲಿಸಿ ಕೇಳು. ಯಾವ ನಿಯಮ ಮುರಿದಿದೆ ಎಂಬ ಒಂದೇ ಪ್ರಶ್ನೆ ಹಾಕು. ನಿಯಮ ಹೇಳಿದರೆ ಅಲ್ಲೇ ತೀರ್ಪು ಕೊಡು. ಹೇಳದೆ ಭಾಷಣ ಶುರು ಮಾಡಿದರೆ ಅದು ಕ್ರಿಯಾಲೋಪವಲ್ಲ. ಕಾರ್ಯಸೂಚಿಯಲ್ಲಿಲ್ಲದ ಸಂಗತಿಗೆ ಕೊನೆಯ ಬಾಬು ಇದ್ದೇ ಇದೆ, “ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು”. ಅಲ್ಲಿಗೆ ಕಳಿಸು, ಕಳಿಸಿದ್ದನ್ನು ಮರೆಯದೆ ಎತ್ತಿಕೊ.

ಚರ್ಚೆ ಸಾಕು ಎಂಬ ಸೂಚನೆ ಎಂದೂ ನಿನ್ನ ಬಾಯಿಂದ ಬರಬಾರದು. ಸದಸ್ಯರೊಬ್ಬರು ಸೂಚಿಸಲಿ, ಇನ್ನೊಬ್ಬರು ಅನುಮೋದಿಸಲಿ. ರಾಬರ್ಟರ ಪದ್ಧತಿಯಲ್ಲಿ ಇದಕ್ಕೆ ಮೂರನೇ ಎರಡರಷ್ಟು ಮತ ಬೇಕು. ಲೋಕಸಭೆಯ 362ನೇ ನಿಯಮವಂತೂ, ನ್ಯಾಯವಾದ ಚರ್ಚೆಯ ಹಕ್ಕಿಗೆ ಧಕ್ಕೆ ಎನ್ನಿಸಿದರೆ ಸ್ಪೀಕರ್ ಆ ಸೂಚನೆಯನ್ನು ಮತಕ್ಕೆ ಹಾಕಬೇಕಾಗಿಲ್ಲ ಎನ್ನುತ್ತದೆ. ಎದುರು ಪಕ್ಷದವರು ಒಮ್ಮೆಯೂ ಬಾಯಿ ತೆರೆದಿಲ್ಲವೆಂದರೆ ನೀನೂ ಹಾಕಬೇಡ.

ಕೋರಂ ಆಟ ಗೊತ್ತಿರಲಿ. ಊಟ ಮುಗಿಸಿ ಜನ ಕರಗುವವರೆಗೂ ಮಾತು ಎಳೆದು, ಆಮೇಲೆ ತಲೆ ಎಣಿಸಿ ಎನ್ನುತ್ತಾರೆ. ತೀರ್ಮಾನ ಆಗಲೇಬೇಕಾದ ಠರಾವುಗಳನ್ನು ಊಟಕ್ಕೆ ಮೊದಲೇ ಇಡು. ಕೋರಂ ಎಷ್ಟು, ಯಾವುದಕ್ಕೆ ಎಷ್ಟು ಬಹುಮತ ಎಂಬುದಕ್ಕೆ ನಿಮ್ಮ ಸಂಘದ ಬೈಲಾ ಮತ್ತು ಸಹಕಾರ ಕಾಯ್ದೆಯೇ ಕೊನೆಯ ಮಾತು, ನಾನು ಹೇಳಿದ್ದಲ್ಲ.

ಕಡೆಯದಾಗಿ, ನೀನೇ ಮಾಡಿದ ಖರ್ಚಿನ ವಿಷಯ ಚರ್ಚೆಗೆ ಬಂದ ದಿನ ಉಪಾಧ್ಯಕ್ಷರನ್ನು ಕುರ್ಚಿಗೆ ಕರೆದು, ಕೆಳಗೆ ಹೋಗಿ ಸದಸ್ಯರ ಸಾಲಿನಲ್ಲಿ ಕೂತು ಉತ್ತರ ಕೊಡು. ಅಷ್ಟು ಮಾಡದ ಅಧ್ಯಕ್ಷ ಗಂಟೆ ಬಾರಿಸಿದರೆ ಯಾರೂ ಕೂರುವುದಿಲ್ಲ.