ಇಲಿಯಲ್ಲಿ ಬೆಳೆಯುವ ಮನುಷ್ಯನ ಗಡ್ಡೆ

ಪ್ರಶ್ನೆ: ಕ್ಯಾನ್ಸರ್ ರೋಗಿಯ ಗಡ್ಡೆಯ ಚೂರನ್ನು ಇಲಿಯೊಳಗೆ ಬೆಳೆಸಿ ಔಷಧ ಪರೀಕ್ಷಿಸುತ್ತಾರಂತೆ. ಒಡಹುಟ್ಟಿದವರ ಕಿಡ್ನಿಯನ್ನೇ ನಮ್ಮ ದೇಹ ಸುಲಭವಾಗಿ ಒಪ್ಪುವುದಿಲ್ಲ. ಇಲಿ ಮನುಷ್ಯನ ಗಡ್ಡೆಯನ್ನು ಹೇಗೆ ಒಪ್ಪುತ್ತದೆ? ಆ ರೋಗಿಗೆ ಇದರಿಂದ ಪ್ರಯೋಜನವಿದೆಯೇ?

ಉತ್ತರ: ಮಾಮೂಲಿ ಇಲಿ ಒಪ್ಪುವುದಿಲ್ಲ. ಅದರ ರೋಗನಿರೋಧಕ ವ್ಯವಸ್ಥೆ ಆ ಚೂರನ್ನು ಬೇಗನೆ ನಾಶ ಮಾಡಿಬಿಡುತ್ತದೆ. ಹಾಗಾಗಿ ನಿರೋಧಕ ಶಕ್ತಿಯೇ ಇಲ್ಲದ ಇಲಿ ಬೇಕು. 1962ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮೈಮೇಲೆ ಕೂದಲಿಲ್ಲದ ಇಲಿಗಳು ಕಣ್ಣಿಗೆ ಬಿದ್ದವು. ಅವಕ್ಕೆ ಥೈಮಸ್ ಗ್ರಂಥಿಯೂ ಇಲ್ಲವೆಂದು 1968ರಲ್ಲಿ ಗೊತ್ತಾಯಿತು. ಹೊರಗಿನ ಅಂಗಾಂಶವನ್ನು ಗುರುತಿಸಿ ಕೊಲ್ಲುವ ಟಿ-ಜೀವಕೋಶಗಳು ಪಳಗುವುದು ಆ ಗ್ರಂಥಿಯಲ್ಲೇ. ಮರುವರ್ಷ ಡೆನ್ಮಾರ್ಕಿನ ವಿಜ್ಞಾನಿಗಳಿಬ್ಬರು ರೋಗಿಯೊಬ್ಬರ ದೊಡ್ಡ ಕರುಳಿನ ಗಡ್ಡೆಯನ್ನು ಇಂಥ ಇಲಿಯಲ್ಲಿ ಬೆಳೆಸಿಯೇ ಬಿಟ್ಟರು.

ಕೆಲಸ ನಡೆಯುವುದು ಹೀಗೆ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯನ್ನು ಎರಡು ಮೂರು ಮಿಲಿಮೀಟರಿನ ಚೂರು ಮಾಡಿ, ಅರಿವಳಿಕೆ ಕೊಟ್ಟ ಇಲಿಯ ಪಕ್ಕೆಯ ಚರ್ಮದಡಿ ಇಡುತ್ತಾರೆ. ಚೂರು ಹತ್ತಿಕೊಂಡರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಗಂಟು ಕೈಗೆ ಸಿಗುತ್ತದೆ. ಅದನ್ನು ತೆಗೆದು, ಮತ್ತೆ ಹೆಚ್ಚಿ, ಇನ್ನಷ್ಟು ಇಲಿಗಳಿಗೆ ಹಾಕುತ್ತಾರೆ. ಕೆಲವಕ್ಕೆ ಔಷಧ ಕೊಟ್ಟು ಉಳಿದವನ್ನು ಹಾಗೇ ಬಿಡುತ್ತಾರೆ. ಗಂಟನ್ನು ಅಳೆಯುವ ಸಾಧನ ಪಿಯುಸಿ ಲ್ಯಾಬಿನಲ್ಲಿ ನೀವೂ ಹಿಡಿದಿರಬಹುದಾದ ಕ್ಯಾಲಿಪರ್! ಅಗಲದ ವರ್ಗವನ್ನು ಉದ್ದದಿಂದ ಗುಣಿಸಿ ಅರ್ಧ ಮಾಡಿದರೆ ಗಾತ್ರದ ಅಂದಾಜು ಬಂತು.

ಇದಕ್ಕೆ ಇಲಿಯೇ ಏಕೆ? ಲ್ಯಾಬಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ದಶಕಗಳಿಂದ ಬೆಳೆದ ಕ್ಯಾನ್ಸರ್ ಜೀವಕೋಶಗಳು ಆ ತಟ್ಟೆಗೇ ಒಗ್ಗಿಹೋಗಿರುತ್ತವೆ. ಇಲಿಯಲ್ಲಿ ಬೆಳೆದದ್ದು ಮೂಲ ಗಡ್ಡೆಗೆ ಹೆಚ್ಚು ಹತ್ತಿರ. ಆದರೆ ಅದೂ ಪೂರ್ತಿ ನಕಲಲ್ಲ. ಗಡ್ಡೆಯ ಸುತ್ತಣ ಮನುಷ್ಯನ ರಕ್ತನಾಳ, ನಾರುಗಳ ಜಾಗವನ್ನು ಇಲಿಯವೇ ಆಕ್ರಮಿಸುತ್ತವೆ. ಗ್ಲಿಯೋಬ್ಲಾಸ್ಟೋಮ ಎಂಬ ಮಿದುಳು ಕ್ಯಾನ್ಸರಿನಲ್ಲಿ ಏಳನೇ ವರ್ಣತಂತುವಿನ ಹೆಚ್ಚುವರಿ ಪ್ರತಿ ಸಾಮಾನ್ಯ. ಇಲಿಯಲ್ಲಿ ಬೆಳೆಯುತ್ತ ಗಡ್ಡೆ ಅದನ್ನೇ ಕಳೆದುಕೊಳ್ಳುವುದುಂಟು ಎಂದು 2017ರ ಅಧ್ಯಯನವೊಂದು ತೋರಿಸಿತು. ಇನ್ನು, ನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೋಥೆರಪಿಯನ್ನು ಅದಿಲ್ಲದ ಇಲಿಯಲ್ಲಿ ಪರೀಕ್ಷಿಸುವುದೆಂತು? ಅದಕ್ಕೆ ಮೊದಲು ಮನುಷ್ಯನ ನಿರೋಧಕ ಕೋಶಗಳನ್ನು ಇಲಿಗೆ ಸೇರಿಸಬೇಕು. ದುಬಾರಿ, ರಗಳೆಯ ಕೆಲಸ.

ಆ ರೋಗಿಗೆ ಪ್ರಯೋಜನವೇ? ಬಹುಪಾಲು ಇಲ್ಲ. ಎಷ್ಟೋ ಗಡ್ಡೆಗಳು, ಅದರಲ್ಲೂ ಹಾರ್ಮೋನಿನಿಂದ ಬೆಳೆಯುವ ಸ್ತನ ಕ್ಯಾನ್ಸರು, ಇಲಿಗೆ ಹತ್ತುವುದೇ ಕಷ್ಟ. ಹತ್ತಿದರೂ ಫಲಿತಾಂಶಕ್ಕೆ ತಿಂಗಳುಗಟ್ಟಲೆ ಬೇಕು, ಅಷ್ಟರೊಳಗೆ ಚಿಕಿತ್ಸೆ ಶುರುವಾಗಲೇಬೇಕು. ಲಾಭವೇನಿದ್ದರೂ ಮುಂದಿನ ರೋಗಿಗಳಿಗೆ. ‘ನಿಮ್ಮ ಗಡ್ಡೆಯನ್ನೇ ಇಲಿಯಲ್ಲಿ ಬೆಳೆಸಿ ಸರಿಯಾದ ಔಷಧ ಹುಡುಕಿಕೊಡುತ್ತೇವೆ’ ಎಂದು ಯಾರಾದರೂ ಹಣ ಕೇಳಿದರೆ, ಎಷ್ಟು ತಿಂಗಳಾಗುತ್ತದೆ, ಗಡ್ಡೆ ಹತ್ತದಿದ್ದರೆ ಹಣ ವಾಪಸು ಕೊಡುತ್ತೀರಾ ಎಂದು ಮೊದಲು ಕೇಳಿ.