ಸ್ಪೀಕರ್ ಡಬ್ಬಿ ಮೇಲಿನ ವ್ಯಾಟ್ ನಂಬಬಹುದೇ?



ಮಾಧವರಂನ ಹತ್ತನೇ ತರಗತಿಯ ಹುಡುಗನೊಬ್ಬ ಆದೋನಿ ಪೇಟೆಯಲ್ಲಿ ಕೊಂಡ ಸ್ಪೀಕರನ್ನು ಡಬ್ಬಿ ಸಮೇತ ಕ್ಲಾಸಿಗೆ ತಂದಿದ್ದ. "ಸಾರ್, 1000 ವ್ಯಾಟ್ ಐತೆ ನೋಡ್ರಿ. ಕಂಪ್ಯೂಟರಿಗೆ ಹಾಕಿ ಪಾಠ ಕೇಳಿದ್ರೆ ಮಾತ್ರ ಸರಿಯಾಗಿ ಕೇಳಂಗಿಲ್ಲ" ಅಂದ. ಅಪ್ಪ ಅವ್ವ ಹತ್ತಿ ಬಿಡಿಸಿದ ಕೂಲಿ ದುಡ್ಡು ಅದು.

ಆ ಸ್ಪೀಕರಿಗೆ ಗೋಡೆಯ ಪ್ಲಗ್ ಇಲ್ಲ. ಕರೆಂಟು ಬರುವುದು ಕಂಪ್ಯೂಟರಿನ ಯುಎಸ್‌ಬಿಯಿಂದ. ನೀವು ಕಲಿತ ಸೂತ್ರ ನೆನಪಿಸಿಕೊಳ್ಳಿ:

ವಿದ್ಯುತ್ ಸಾಮರ್ಥ್ಯ = ವಿಭವಾಂತರ × ವಿದ್ಯುತ್ ಪ್ರವಾಹ

ಸಾಮಾನ್ಯ ಯುಎಸ್‌ಬಿ 2.0 ಕೊಡುವುದು 5 ವೋಲ್ಟ್, ಹೆಚ್ಚೆಂದರೆ 0.5 ಆಂಪಿಯರ್. ಅಂದರೆ 5 × 0.5 = 2.5 ವ್ಯಾಟ್.

ಒಳಗೆ ಹೋಗುವುದೇ 2.5 ವ್ಯಾಟ್ ಆದರೆ ಹೊರಗೆ ಸತತವಾಗಿ 1000 ವ್ಯಾಟ್ ಹೇಗೆ ಬಂದೀತು? ಶಕ್ತಿ ಸಂರಕ್ಷಣಾ ನಿಯಮ ಅದನ್ನು ಒಪ್ಪುವುದಿಲ್ಲ. ಡಬ್ಬಿಯಲ್ಲಿ ಸಣ್ಣ ಅಕ್ಷರದಲ್ಲಿ 'ಪಿಎಂಪಿಒ' ಎಂದಿತ್ತು. ಅದು ಕ್ಷಣಮಾತ್ರದ ಗರಿಷ್ಠ ಸಾಮರ್ಥ್ಯದ ಲೆಕ್ಕ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದೇ ವಿಧಾನವಿಲ್ಲ. ನೀವು ನೋಡಬೇಕಾದದ್ದು 'ಆರ್‌ಎಂಎಸ್' ವ್ಯಾಟ್. ಸ್ಪೀಕರು ಎಡೆಬಿಡದೆ ಎಷ್ಟು ಕೊಡಬಲ್ಲದು ಎಂಬುದನ್ನು ಅದು ಹೇಳುತ್ತದೆ.

ಹಾಗಂತ ವ್ಯಾಟ್ ಇಮ್ಮಡಿಯಾದರೆ ಸದ್ದೂ ಇಮ್ಮಡಿಯಾಗುತ್ತದೆಯೇ? ಇಲ್ಲ. ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನಿಸಲು ಸುಮಾರು 10 ಡೆಸಿಬೆಲ್, ಅಂದರೆ 10 ಪಟ್ಟು ವ್ಯಾಟ್ ಬೇಕು. ಅದರ ಬದಲು ಸ್ಪೀಕರನ್ನು ಅರ್ಧ ದೂರಕ್ಕೆ ತನ್ನಿ. ಬಯಲಿನಲ್ಲಾದರೆ 6 ಡೆಸಿಬೆಲ್ ಹೆಚ್ಚುತ್ತದೆ, ಕೋಣೆಯಲ್ಲಿ ಸ್ವಲ್ಪ ಕಡಿಮೆ. ಖರ್ಚು ಮಾತ್ರ ಸೊನ್ನೆ!

ಕೊಳ್ಳುವಾಗ ಗಮನಿಸಿ:

1. ಆರ್‌ಎಂಎಸ್ ಎಷ್ಟೆಂದು ಕೇಳಿ. ಒಂದು ಮೇಜಿನ ಮುಂದೆ ಕೂತು ಪಾಠ ಕೇಳಲು ಕೆಲವೇ ವ್ಯಾಟ್ ಸಾಕು.

2. ಕರೆಂಟು ಯುಎಸ್‌ಬಿಯಿಂದಲೋ ಗೋಡೆಯ ಪ್ಲಗ್‌ನಿಂದಲೋ ನೋಡಿ. ಯುಎಸ್‌ಬಿ ಆದರೆ ಮೇಲಿನಂತೆ ಗುಣಿಸಿ.

3. ಅಂಗಡಿಯಲ್ಲೇ ಹಾಡಿನ ಜೊತೆ ಮಾತನ್ನೂ ಹಾಕಿಸಿ ಕೇಳಿ. 'ಸ', 'ಶ' ಬೇರೆ ಬೇರೆಯಾಗಿ ಕೇಳಿಸಬೇಕು. ಸದ್ದು ಏರಿಸಿದಾಗ ದನಿ ಒಡೆಯಬಾರದು.

4. ರಸೀದಿ ಬಿಡಬೇಡಿ.

5. ಒಬ್ಬರೇ ಕೇಳುವುದಾದರೆ ಹೆಡ್‌ಫೋನ್ ಸಾಕು. ಆದರೆ ಮೆಲ್ಲಗೆ. ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ ಇರಲಿ.

ಆ ಹುಡುಗ ಮನೆಯಲ್ಲಿ ಸ್ಪೀಕರನ್ನು ಬೀರುವಿನ ಮೇಲಿಟ್ಟಿದ್ದನಂತೆ. ಮೇಜಿಗೆ ಇಳಿಸಿ, ತನ್ನ ಕಡೆ ತಿರುಗಿಸಲು ಹೇಳಿದೆ. ಮರುದಿನ ಬಂದು, "ಈಗ ಕೇಳ್ತೈತೆ ಸಾರ್. ಆದ್ರೆ 1000 ವ್ಯಾಟ್ ಅಂತ ನಂಬಿದ್ವಲ್ಲ!" ಅಂದ.

ಚಟುವಟಿಕೆ: ನಿಮ್ಮ ಮನೆಯ ಮೊಬೈಲ್ ಚಾರ್ಜರ್ ಮೇಲೆ 'ಔಟ್‌ಪುಟ್' ಎಂದಿರುವಲ್ಲಿ ವೋಲ್ಟ್, ಆಂಪಿಯರ್ ಓದಿ ಗುಣಿಸಿ. ಎಷ್ಟು ವ್ಯಾಟ್ ಬಂತು?