ನೆಟ್ ಇಲ್ಲದಿದ್ದರೂ ದುಡಿಯುವ ಸಾಮಾನು ಕೊಳ್ಳು

ಹೊಸ ಮನೆಗೆ ಬೇಕಾದ ಸಾಮಾನಿನ ಪಟ್ಟಿ ಮಾಡುತ್ತಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಫ್ರಿಜ್, ವಾಷಿಂಗ್ ಮೆಷಿನ್, ಟಿವಿ, ಗೀಸರ್, ಬಾಗಿಲಿಗೊಂದು ಕ್ಯಾಮೆರಾ, ಬಾಯಲ್ಲಿ ಹೇಳಿದರೆ ಹಾಡು ಹಾಕುವ ಸ್ಪೀಕರ್. ಎಲ್ಲವೂ ‘ಸ್ಮಾರ್ಟ್’ ಇರಲಿ ಎಂಬುದು ಅಳಿಯಂದಿರ ಆಸೆಯಂತೆ. ಆಸೆ ತಪ್ಪಲ್ಲ ಮಗಳೇ. ಆದರೆ ದುಡ್ಡು ಕೊಡುವ ಮುಂಚೆ ಒಂದೊಂದು ಸಾಮಾನಿನ ಮುಂದೆಯೂ ನಿಂತು ಅಂಗಡಿಯವರನ್ನು ಕೇಳು: “ಇಂಟರ್‌ನೆಟ್ ಇಲ್ಲದಿದ್ದರೆ ಇದು ತನ್ನ ಕೆಲಸ ಮಾಡುತ್ತದಾ?” ಮಾಡುತ್ತದೆ ಎಂದರೆ ಧಾರಾಳವಾಗಿ ಕೊಳ್ಳು. ಮಾಡುವುದಿಲ್ಲ ಎಂದರೆ, ಆ ನೆಟ್ ಬೇಕಾಗಿರುವುದು ನಿನಗೋ ಕಂಪನಿಗೋ ಎಂದು ವಿಚಾರಿಸದೆ ಮುಂದುವರಿಯಬೇಡ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವಳು. ಲೈನ್ ಸಿಕ್ಕಿತೋ ಇಲ್ಲವೋ ನೋಡುವಾಗ ಜನರ ಮಾತು ನಮ್ಮ ಕಿವಿಗೆ ಬೀಳುತ್ತಿತ್ತು: ಸಾವಿನ ಸುದ್ದಿ, ಸಾಲದ ಮಾತು, ಗಂಡ ಹೆಂಡಿರ ಮುನಿಸು. ಬಿದ್ದದ್ದನ್ನು ಹೊರಗೆ ಆಡಿದರೆ ಕೆಲಸ ಹೋಗುವುದಷ್ಟೇ ಅಲ್ಲ, 1885ರ ಟೆಲಿಗ್ರಾಫ್ ಕಾಯ್ದೆಯಡಿ ಜೈಲು ಸೇರುವ ಭಯವೂ ಇತ್ತು. ಕೇಳಿಸಿಕೊಂಡವಳು ಯಾರು, ಯಾವ ಪಾಳಿಯಲ್ಲಿದ್ದಳು ಎಂಬುದು ಮೇಲಿನವರಿಗೆ ಗೊತ್ತಿರುತ್ತಿತ್ತು. ಈಗ ಮನೆಯೊಳಗೆ ಬರುತ್ತಿರುವ ಯಂತ್ರಗಳು ಕೇಳಿಸಿಕೊಂಡದ್ದು, ನೋಡಿದ್ದು ಯಾವ ದೇಶದ ಯಾವ ಕಂಪ್ಯೂಟರಿಗೆ ಹೋಯಿತು, ಅಲ್ಲಿ ಅದನ್ನು ಯಾರು ತೆರೆದರು ಎಂಬುದು ಮನೆಯವರಿಗೇ ತಿಳಿಯುವುದಿಲ್ಲ. ನನ್ನ ಕಳವಳ ಇರುವುದು ಅಲ್ಲಿ.

ಮೊದಲು ಉಪಯೋಗದ ಮಾತು ಆಡೋಣ. ಫ್ರಿಜ್ಜಿಗೆ ವೈಫೈ ಇದ್ದರೆ ಹಾಲು ಹೆಚ್ಚು ದಿನ ಕೆಡದೆ ಉಳಿಯುವುದಿಲ್ಲ. ವಾಷಿಂಗ್ ಮೆಷಿನ್ನನ್ನು ಫೋನಿನಿಂದ ನಡೆಸಬಹುದಾದರೂ ಬಟ್ಟೆ ತುಂಬಿ ಸೋಪು ಹಾಕುವುದಕ್ಕೆ ನೀನೇ ಅದರ ಹತ್ತಿರ ಹೋಗಬೇಕು. ಹೋದ ಮೇಲೆ ಗುಂಡಿ ಒತ್ತುವುದೇನು ಕಷ್ಟ? ವೈಫೈಗೆಂದು ಕೊಡುವ ಹೆಚ್ಚುವರಿ ದುಡ್ಡನ್ನು ಇನ್ನೊಂದು ಸ್ಟಾರ್ ಹೆಚ್ಚಿರುವ ಫ್ರಿಜ್ಜಿಗೆ ಹಾಕು. ಅದರ ಬಾಗಿಲ ಮೇಲಿನ, ಸ್ಟಾರ್ ಗುರುತಿರುವ ಬಿಇಇ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ತಿನ್ನುತ್ತದೆ ಎಂದು ಬರೆದಿರುತ್ತದೆ. ಅದನ್ನು ಓದಿ ಕೊಂಡರೆ ತಿಂಗಳು ತಿಂಗಳೂ ಬಿಲ್ಲಿನಲ್ಲಿ ಉಳಿತಾಯ ಕಾಣುತ್ತದೆ.

ಇನ್ನೊಂದು ವಿಷಯ ನೆನಪಿಡು. ಒಳ್ಳೆಯ ಫ್ರಿಜ್ಜು ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಅದರ ಆ್ಯಪ್ ಅಷ್ಟು ಕಾಲ ಬಾಳುತ್ತದೆಂಬ ಖಾತರಿ ಇಲ್ಲ. ಅಮೆರಿಕದಲ್ಲಿ ಮನೆಯ ದೀಪ, ಬೀಗ ಇವನ್ನೆಲ್ಲ ಫೋನಿನಿಂದ ನಡೆಸಲು ಜನ ರಿವಾಲ್ವ್ ಎಂಬ ಪೆಟ್ಟಿಗೆ ಕೊಂಡಿದ್ದರು. 2014ರಲ್ಲಿ ಅದನ್ನು ಮಾಡುತ್ತಿದ್ದ ಕಂಪನಿಯನ್ನು ನೆಸ್ಟ್ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸರ್ವರ್ ನಿಲ್ಲಿಸಿಬಿಟ್ಟಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ಕೆಲಸಕ್ಕೆ ಬಾರದಾಯಿತು. 2025ರ ಅಕ್ಟೋಬರ್ 20ರಂದು ಅಮೆಜಾನ್ ಕಂಪನಿಯ ಕ್ಲೌಡ್ ಕೈಕೊಟ್ಟಾಗ ಎಷ್ಟೋ ಮನೆಗಳ ಬಾಗಿಲ ಕ್ಯಾಮೆರಾ, ಮಾತಾಡುವ ಸ್ಪೀಕರ್ ಸುಮ್ಮನಾದವು. ಎಲ್ಲೋ ಕೆಟ್ಟ ಕಂಪ್ಯೂಟರಿನಿಂದ ನಿನ್ನ ಮನೆಯ ಗೀಸರ್ ನಿಲ್ಲಬಾರದು. ಗೋಡೆಯ ಸ್ವಿಚ್ಚಿಗೂ ಓಗೊಡುವ ಗೀಸರನ್ನೇ ತಾ. ಬಾಗಿಲಿಗೆ ಸ್ಮಾರ್ಟ್ ಬೀಗ ಹಾಕಿಸುವುದಾದರೆ ಬೀಗದಕೈಯಲ್ಲೂ ತೆಗೆಯಲು ಬರುವಂಥದ್ದಿರಲಿ.

ಇನ್ನು ಟಿವಿ. ನೆಟ್ ಇಲ್ಲದೆ ಯೂಟ್ಯೂಬ್, ಸಿನಿಮಾ ಬರುವುದಿಲ್ಲ, ಆದ್ದರಿಂದ ಅದಕ್ಕೆ ನೆಟ್ ಕೊಡಲೇಬೇಕು. ಅದನ್ನು ಮೊದಲ ಸಲ ಹಚ್ಚಿದಾಗ ತೆರೆಯ ಮೇಲೆ ಪುಟಗಟ್ಟಲೆ ಷರತ್ತು ಬರುತ್ತವೆ. ಜೋಡಿಸಲು ಬಂದ ಹುಡುಗನಿಗೆ ಮುಂದಿನ ಮನೆಯ ಅವಸರ. ಎಲ್ಲಕ್ಕೂ ಒಪ್ಪಿಗೆ ಎಂಬ ಗುಂಡಿ ಒತ್ತಿ ಮುಂದೆ ಹೋಗಿಬಿಡುತ್ತಾನೆ. ಒಪ್ಪಿಗೆ ಕೊಡಬೇಕಾದವಳು ನೀನು. ಅವನಿಗೆ ಕಾಫಿ ಕೊಟ್ಟು ಕೂರಿಸಿ ರಿಮೋಟ್ ನಿನ್ನ ಕೈಗೆ ತೆಗೆದುಕೋ. ನೀವು ನೋಡುವುದನ್ನು ಗುರುತಿಸಿ ಜಾಹೀರಾತು ತೋರಿಸುತ್ತೇವೆ ಎನ್ನುವ ಸಾಲುಗಳಿಗೆ ಟಿಕ್ ಹಾಕಬೇಡ. ಹಾಕಿ ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ವಿಭಾಗಕ್ಕೆ ಹೋಗಿ ತೆಗೆ. ಇದು ಬರೀ ಅನುಮಾನವಲ್ಲ. ವಿಜಿಯೊ ಎಂಬ ಕಂಪನಿ 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆಂಬುದನ್ನು ಕ್ಷಣಕ್ಷಣವೂ ಗುರುತಿಸಿ ಮಾರುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರಿತು. 2017ರಲ್ಲಿ ಆ ಕಂಪನಿ 22 ಲಕ್ಷ ಡಾಲರ್ ತೆತ್ತು ರಾಜಿಯಾಯಿತು.

ಕ್ಯಾಮೆರಾ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಾಗಿಲಿನ ಹೊರಗೆ ಇರಲಿ, ಬೇಕಾದರೆ ಹಾಲ್‌ಗೂ ಬರಲಿ. ಮಲಗುವ ಕೋಣೆಗೆ, ಮಗು ಬಟ್ಟೆ ಬದಲಾಯಿಸುವ ಕಡೆಗೆ ಬೇಡವೇ ಬೇಡ. ರಿಂಗ್ ಎಂಬ ಕ್ಯಾಮೆರಾ ಕಂಪನಿ ತನ್ನ ನೌಕರರೇ ಗ್ರಾಹಕರ ಮನೆಯೊಳಗಿನ ವಿಡಿಯೊ ನೋಡುವಂತೆ ಬಿಟ್ಟಿತ್ತು, ಒಬ್ಬ ನೌಕರ ಹೆಂಗಸರ ಮಲಗುವ ಕೋಣೆ, ಬಚ್ಚಲುಮನೆಗಳ ವಿಡಿಯೊ ಹುಡುಕಿ ನೋಡಿದ್ದ ಎಂದು 2023ರಲ್ಲಿ ಅದೇ ಕಮಿಷನ್ ಆರೋಪ ಹೊರಿಸಿತು. ಕಂಪನಿ 58 ಲಕ್ಷ ಡಾಲರ್ ಕೊಡಲು ಒಪ್ಪಿತು. ಹಾಗೆ ನೋಡಿದ ಕಣ್ಣುಗಳಿಂದ ಆ ದೃಶ್ಯವನ್ನು ಯಾವ ದುಡ್ಡೂ ಹಿಂದಕ್ಕೆ ತರಲಾರದು.

ಊರಿನಲ್ಲಿರುವ ಅಪ್ಪ ಅಮ್ಮನ ಮನೆಗೂ ಕ್ಯಾಮೆರಾ ಹಾಕಿಸಬೇಕೆಂದಿದ್ದೀಯಂತೆ. ಬಿದ್ದಾರು, ಗ್ಯಾಸ್ ಆರಿಸಲು ಮರೆತಾರು ಎಂಬ ನಿನ್ನ ಚಿಂತೆ ನನಗೆ ಅರ್ಥವಾಗುತ್ತದೆ. ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳಿಗೆಲ್ಲ ಇದೇ ಸಂಕಟ. ಆದರೆ ಅವರನ್ನು ಕೇಳದೆ ಹಾಕಿಸಬೇಡ. ಎಲ್ಲಿ ಇಡುವುದು, ಯಾರ ಯಾರ ಫೋನಿನಲ್ಲಿ ಕಾಣುತ್ತದೆ, ಆರಿಸುವುದು ಹೇಗೆ ಎಂದು ಕೂತು ತೋರಿಸು. ವಯಸ್ಸಾದ ಮಾತ್ರಕ್ಕೆ ಮಾನ ಮರ್ಯಾದೆಯ ಆಸೆ ಕರಗುವುದಿಲ್ಲ. ಕ್ಯಾಮೆರಾ ಇದೆ ಎಂದು ದಿನಾ ಮಾಡುವ ಫೋನು ನಿಲ್ಲಿಸಲೂ ಬೇಡ. ಹಾಗೆಯೇ ಮನೆಗೆಲಸಕ್ಕೆ ಬರುವವರಿಗೂ ಕ್ಯಾಮೆರಾ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳು. ಅವರದೂ ಮಾನವೇ.

ನೆಟ್ ಬೇಕೇ ಬೇಕಾದ ಸಾಮಾನು ಮನೆಗೆ ಬಂದ ದಿನವೇ ಕೆಲವು ಕೆಲಸ ಮುಗಿಸು. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲು ಬದಲಾಯಿಸು. 2016ರ ಅಕ್ಟೋಬರಿನಲ್ಲಿ ಮಿರಾಯ್ ಎಂಬ ಕಳ್ಳ ಪ್ರೋಗ್ರಾಮು, ಹಳೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮನೆಮನೆಯ ಕ್ಯಾಮೆರಾ, ರೌಟರ್‌ಗಳನ್ನು ವಶ ಮಾಡಿಕೊಂಡು ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅಮೆರಿಕದ ಎಷ್ಟೋ ಕಡೆ ಸಿಗದಂತೆ ಮಾಡಿತ್ತು. ರೌಟರಿನಲ್ಲಿ ಗೆಸ್ಟ್ ವೈಫೈ ಇದ್ದರೆ ಈ ಸಾಮಾನುಗಳನ್ನೆಲ್ಲ ಅದಕ್ಕೆ ಸೇರಿಸು. ಇಂಥವಕ್ಕೆ ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈ ಸಾಕು. ಬ್ಯಾಂಕ್ ವ್ಯವಹಾರದ ಫೋನು, ಲ್ಯಾಪ್‌ಟಾಪ್ ಬೇರೆ ವೈಫೈಯಲ್ಲಿರಲಿ. ಕ್ಯಾಮೆರಾದ ಖಾತೆ ನಿನ್ನ ಹೆಸರಿನಲ್ಲಿ, ನಿನ್ನ ಫೋನಿನಲ್ಲೇ ತೆರೆಯಬೇಕು. ಹಾಕಲು ಬಂದವನ ಫೋನಿನಲ್ಲಿ ತೆರೆಸಿದರೆ ನಿನ್ನ ಮನೆ ಅವನಿಗೂ ಕಾಣುತ್ತಿರುತ್ತದೆ. ಬಟ್ಟೆ ಒಗೆಯುವ ಮೆಷಿನ್ನಿನ ಆ್ಯಪ್ ಫೋನಿನಲ್ಲಿರುವ ನಂಬರುಗಳನ್ನು ಕೇಳಿದರೆ ಕೊಡಬೇಡ. ಸ್ಪೀಕರಿನ ಮೈಕ್ ಆರಿಸುವ ಗುಂಡಿ ಎಲ್ಲಿದೆ ನೋಡಿಕೋ, ಮನೆಯ ಮಾತು ಆಡುವಾಗ ಆರಿಸು. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವಾಗ ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡು.

“ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ?” ಎಂದು ಅಳಿಯಂದಿರು ಕೇಳಬಹುದು. ಮುಚ್ಚಿಡಲು ಏನೂ ಇಲ್ಲದವರೂ ರಾತ್ರಿ ಕಿಟಕಿಗೆ ಪರದೆ ಎಳೆಯುತ್ತಾರೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದರು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಹೊರಬಿದ್ದಿವೆ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕೊಟ್ಟ ಒಪ್ಪಿಗೆ ಹಿಂತೆಗೆದುಕೊಳ್ಳುವ, ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಆ ಕಾಯ್ದೆಯಲ್ಲಿದೆ. ಆದರೆ ಕೇಳಬೇಕಾದವರು ನಾವೇ.

ಬಂದದ್ದೆಲ್ಲ ಬೇಡ ಎನ್ನುವವಳು ನಾನಲ್ಲ. ಹಾಸಿಗೆ ಹಿಡಿದವರು ಕೂಗಿ ಹೇಳಿ ದೀಪ ಹಚ್ಚಿಕೊಳ್ಳುವಂತಾದರೆ, ಕಣ್ಣು ಮಂಜಾದವರು ಮಾತಿನಲ್ಲೇ ಮಕ್ಕಳಿಗೆ ಫೋನ್ ಹಚ್ಚುವಂತಾದರೆ ಅದಕ್ಕಿಂತ ಒಳ್ಳೆಯ ಯಂತ್ರ ಯಾವುದಿದೆ? ಅಂಥ ಕೆಲಸಕ್ಕೆ ಬೇಕಾದರೆ ಖಂಡಿತ ತಾ. ಬರೀ ಹೊಸದೆಂಬ ಕಾರಣಕ್ಕೆ, ಆಫರ್ ಇವತ್ತೇ ಮುಗಿಯುತ್ತದೆ ಎಂಬ ಅವಸರಕ್ಕೆ ತರಬೇಡ. ನಿನ್ನ ಪಟ್ಟಿಯನ್ನು ನನಗೆ ವಾಟ್ಸಾಪ್ ಮಾಡು. ಯಾವುದಕ್ಕೆ ನೆಟ್ ಬೇಕು, ಯಾವುದಕ್ಕೆ ಬೇಡ ಎಂದು ಇಬ್ಬರೂ ಗುರುತು ಹಾಕೋಣ. ಆಮೇಲೆ ಅಂಗಡಿಗೆ ಹೋಗು.